ಲಾರಿಗೆ ಇನ್ವರ್ಟರ್ ಹಾಕಿ ಡ್ರಿಲ್, ಗ್ರೈಂಡರ್ ಓಡಿಸುವುದು ಹೇಗೆ?

"ಲಾರಿಯಲ್ಲೇ ಗ್ರೈಂಡರ್ ಓಡಿಸಬೇಕು, ಎಷ್ಟು ವ್ಯಾಟಿನ ಇನ್ವರ್ಟರ್ ತಗೊಳ್ಳಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ವ್ಯಾಟ್ ಲೆಕ್ಕ ಹೇಳುವುದು ಸುಲಭ. ಆದರೆ ಕೆಲಸ ಕೆಡುವುದು ಅಲ್ಲಲ್ಲ. ಬ್ಯಾಟರಿಯಿಂದ ಇನ್ವರ್ಟರ್‌ವರೆಗಿನ ಎರಡು ಮೀಟರ್ ಕೇಬಲ್ ಇದೆಯಲ್ಲ, ಅಲ್ಲಿ ಕೆಡುತ್ತದೆ. ಹಾಗಾಗಿ ಈ ಲೇಖನದಲ್ಲಿ ಇನ್ವರ್ಟರ್‌ಗಿಂತ ಕೇಬಲ್ ಬಗ್ಗೆಯೇ ಜಾಸ್ತಿ ಮಾತು.

ಇನ್ವರ್ಟರ್ ಮಾಡುವುದು ಇಷ್ಟೇ. ಬ್ಯಾಟರಿಯ 12 ಅಥವಾ 24 ವೋಲ್ಟ್ ಡಿಸಿ ಕರೆಂಟನ್ನು ಮನೆಯ ಪ್ಲಗ್‌ನಲ್ಲಿ ಬರುವಂಥ 230 ವೋಲ್ಟ್ ಎಸಿ ಕರೆಂಟಾಗಿ ಬದಲಿಸುತ್ತದೆ. ವೋಲ್ಟ್ ಕಡಿಮೆ ಇದ್ದಷ್ಟೂ ಅದೇ ಕೆಲಸಕ್ಕೆ ಆಂಪಿಯರ್, ಅಂದರೆ ಹರಿಯುವ ಕರೆಂಟಿನ ಪ್ರಮಾಣ, ಜಾಸ್ತಿ ಬೇಕು. 1000 ವ್ಯಾಟಿನ ಮಷೀನ್ ಮನೆಯಲ್ಲಿ ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಅದೇ ಮಷೀನಿಗೆ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 100 ಆಂಪಿಯರ್ ಎಳೆಯಬೇಕಾಗುತ್ತದೆ. 1000 ವ್ಯಾಟನ್ನು 12ರಿಂದ ಭಾಗಿಸಿದರೆ 83 ಬರುತ್ತದೆ. ಬದಲಿಸುವಾಗ ಬಿಸಿಯಾಗಿ ಹೋಗುವ ಹತ್ತು-ಹದಿನೈದು ಶೇಕಡಾ ಸೇರಿಸಿದರೆ ನೂರರ ಹತ್ತಿರ. ಈ ನೂರು ಆಂಪಿಯರ್ ಅನ್ನುವ ಅಂಕಿ ತಲೆಯಲ್ಲಿರಲಿ.

ಹಂತ 1: ಯಾವ ಮಷೀನ್ ಓಡಬೇಕು ಅಂತ ಬರೆದುಕೊಳ್ಳಿ

ಅಂದಾಜು ಬೇಡ. ಮಷೀನಿನ ಮೇಲಿನ ಪಟ್ಟಿಯಲ್ಲಿ ವ್ಯಾಟ್ ಎಷ್ಟು ಅಂತ ಬರೆದಿರುತ್ತದೆ. ಸಾಮಾನ್ಯವಾಗಿ ಡ್ರಿಲ್ 500ರಿಂದ 700, ನಾಲ್ಕಿಂಚಿನ ಆಂಗಲ್ ಗ್ರೈಂಡರ್ 650ರಿಂದ 900, ಏಳಿಂಚಿನ ಸರ್ಕ್ಯುಲರ್ ಸಾ, ಅಂದರೆ ದುಂಡು ಗರಗಸ, 1200ರಿಂದ 1500 ವ್ಯಾಟ್ ಇರುತ್ತದೆ.

ಇದು ಓಡುವಾಗಿನ ಲೆಕ್ಕ. ಶುರುವಾಗುವ ಕ್ಷಣದ ಲೆಕ್ಕವೇ ಬೇರೆ. ಟ್ರಿಗರ್ ಒತ್ತಿದಾಗ ಮೋಟಾರ್ ನಿಂತ ಜಾಗದಿಂದ ಏಳಬೇಕಲ್ವಾ? ಆಗ ಒಂದೆರಡು ಕ್ಷಣ ದುಪ್ಪಟ್ಟು, ಮೂರು ಪಟ್ಟು ಕರೆಂಟು ಎಳೆಯುತ್ತದೆ. ಇದಕ್ಕೆ ಸರ್ಜ್ ಅನ್ನುತ್ತಾರೆ. ಡ್ರಿಲ್, ಗ್ರೈಂಡರ್‌ನಂಥ ಕಾರ್ಬನ್ ಬ್ರಷ್ ಮೋಟಾರ್‌ಗಳಿಗೆ ಎರಡು-ಮೂರು ಪಟ್ಟು ಸಾಕು. ಏರ್ ಕಂಪ್ರೆಸರ್, ನೀರಿನ ಪಂಪ್‌ಗಳಲ್ಲಿ ಇಂಡಕ್ಷನ್ ಮೋಟಾರ್ ಇರುತ್ತದೆ, ಅಂದರೆ ಬ್ರಷ್ ಇಲ್ಲದ ಮಾಮೂಲಿ ಎಸಿ ಮೋಟಾರ್. ಅದು ಐದಾರು ಪಟ್ಟು ಕೇಳುತ್ತದೆ. ಒಂದು ಎಚ್‌ಪಿ ಕಂಪ್ರೆಸರ್ 750 ವ್ಯಾಟ್ ತಾನೇ ಅಂತ 1000 ವ್ಯಾಟಿನ ಇನ್ವರ್ಟರ್‌ಗೆ ಚುಚ್ಚಿದರೆ ಅದು ಸುಮ್ನೆ ಬೀಪ್ ಹೊಡೆದು ಮಲಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಕೆಲಸ ಬ್ಯಾಟರಿ ಡ್ರಿಲ್, ಬ್ಯಾಟರಿ ಗ್ರೈಂಡರ್‌ನಲ್ಲಿ ಆಗುತ್ತದೆ ಅಂದರೆ ಅವನ್ನೇ ತಗೊಳ್ಳಿ. ಅವುಗಳ ಚಾರ್ಜರ್‌ಗೆ 300 ವ್ಯಾಟಿನ ಚಿಕ್ಕ ಇನ್ವರ್ಟರ್ ಧಾರಾಳ ಸಾಕು. ಈ ದಪ್ಪ ಕೇಬಲ್ಲಿನ ತಾಪತ್ರಯ ಮುಕ್ಕಾಲು ಪಾಲು ತಪ್ಪುತ್ತದೆ. ಹಾಗೆಯೇ ವೆಲ್ಡಿಂಗ್ ಮಷೀನ್, ದೊಡ್ಡ ಕಂಪ್ರೆಸರ್ ಓಡಿಸುವ ಆಸೆ ಇದ್ದರೆ ಇನ್ವರ್ಟರ್ ಬಿಡಿ, ಜನರೇಟರ್ ನೋಡಿ.

ಹಂತ 2: ಗಾಡಿ 12 ವೋಲ್ಟಿನದಾ, 24 ವೋಲ್ಟಿನದಾ?

ಪಿಕಪ್ ಮತ್ತು ಚಿಕ್ಕ ಗಾಡಿಗಳು ಹೆಚ್ಚಾಗಿ 12 ವೋಲ್ಟ್. ದೊಡ್ಡ ಲಾರಿಗಳಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್‌ಗೆ ಇನ್ನೊಂದರ ಮೈನಸ್ ಕೊಟ್ಟು, 24 ವೋಲ್ಟ್ ಮಾಡಿರುತ್ತಾರೆ. ಮಲ್ಟಿಮೀಟರ್ ಹಿಡಿದು ನೋಡಿ, ಆಮೇಲೆ ಇನ್ವರ್ಟರ್ ತಗೊಳ್ಳಿ. 12 ವೋಲ್ಟಿನ ಇನ್ವರ್ಟರ್‌ಗೆ 24 ಕೊಟ್ಟರೆ ಅದು ಸುಟ್ಟುಹೋಗಬಹುದು.

ಕೈಯಲ್ಲಿ 12 ವೋಲ್ಟಿನ ಇನ್ವರ್ಟರ್ ಇದೆ, ಲಾರಿ 24 ವೋಲ್ಟ್. ಎರಡರಲ್ಲಿ ಒಂದೇ ಬ್ಯಾಟರಿಗೆ ಕೊಟ್ಟರೆ ಆಯ್ತಲ್ಲ ಅಂತ ಅನೇಕರು ಕೇಳುತ್ತಾರೆ. ಇನ್ವರ್ಟರ್ ಓಡುತ್ತದೆ, ನಿಜ. ಆದರೆ ಒಂದು ಬ್ಯಾಟರಿ ಖಾಲಿಯಾಗುತ್ತಾ ಹೋಗುತ್ತದೆ, ಇನ್ನೊಂದು ತುಂಬಿಯೇ ಇರುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಡೈನಮೋಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದು ಎರಡಕ್ಕೂ ಸೇರಿಸಿ ಚಾರ್ಜ್ ತುಂಬುತ್ತದೆ. ತುಂಬಿದ್ದು ಕುದಿಯುತ್ತದೆ, ಖಾಲಿ ಇದ್ದದ್ದು ಖಾಲಿಯೇ ಉಳಿಯುತ್ತದೆ. ಕೊನೆಗೆ ಎರಡೂ ಬ್ಯಾಟರಿ ಹಾಳು.

24 ವೋಲ್ಟ್ ಗಾಡಿ ಇರುವವರಿಗೆ ಒಂದು ಲಾಭ ಇದೆ. ಅದೇ 1000 ವ್ಯಾಟಿಗೆ 50 ಆಂಪಿಯರ್ ಸಾಕು.

ಹಂತ 3: ಇನ್ವರ್ಟರ್ ಆರಿಸುವುದು

ಡಬ್ಬದ ಮೇಲೆ ದೊಡ್ಡದಾಗಿ ಬರೆದ ಅಂಕಿ ನಂಬಬೇಡಿ. ಕೆಲವರು ಸರ್ಜ್ ಅಂಕಿಯನ್ನೇ ಮುಂದೆ ಹಾಕಿರುತ್ತಾರೆ. ಸತತವಾಗಿ ಎಷ್ಟು ವ್ಯಾಟ್ ಕೊಡುತ್ತದೆ ಅಂತ ಮ್ಯಾನ್ಯುವಲ್‌ನಲ್ಲಿ ಹುಡುಕಿ. 850 ವ್ಯಾಟಿನ ಗ್ರೈಂಡರ್‌ಗೆ ಸತತ 1500 ವ್ಯಾಟ್, ಸರ್ಜ್ 3000 ವ್ಯಾಟ್ ಇರುವುದು ನೆಮ್ಮದಿ.

ಎರಡು ಬಗೆ ಇವೆ. ಪ್ಯೂರ್ ಸೈನ್ ವೇವ್ ಅಂದರೆ ಮನೆಯ ಕರೆಂಟಿನಂತೆಯೇ ನಯವಾದ ಅಲೆ. ಮಾಡಿಫೈಡ್ ಸೈನ್ ವೇವ್ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುವ ಅಲೆ, ಅಗ್ಗ. ಮಾಮೂಲಿ ಡ್ರಿಲ್ ಇದರಲ್ಲೂ ತಿರುಗುತ್ತದೆ. ಆದರೆ ಸ್ಪೀಡ್ ಕಂಟ್ರೋಲ್ ಇರುವ ಮಷೀನ್‌ಗಳು ತೊದಲುತ್ತವೆ, ಇಂಡಕ್ಷನ್ ಮೋಟಾರ್ ಬಿಸಿಯಾಗುತ್ತದೆ, ಕೆಲವು ಚಾರ್ಜರ್‌ಗಳು ಸುಟ್ಟೇ ಹೋಗುತ್ತವೆ. ನನ್ನ ಮಟ್ಟಿಗೆ ಪ್ಯೂರ್ ಸೈನ್ ವೇವ್ ಬಿಟ್ಟು ಬೇರೆ ಮಾತಿಲ್ಲ.

ಮನೆಯಲ್ಲಿ ಬಳಸುವ ಇನ್ವರ್ಟರ್ ತಂದು ಲಾರಿಯಲ್ಲಿಡುವ ಯೋಚನೆ ಬಿಡಿ. ಅದರೊಳಗಿನ ಭಾರದ ಟ್ರಾನ್ಸ್‌ಫಾರ್ಮರ್ ಗಾಡಿಯ ಕುಲುಕಾಟಕ್ಕೆ ಮಾಡಿದ್ದಲ್ಲ.

ಹಂತ 4: ಬ್ಯಾಟರಿ ಮತ್ತು ಡೈನಮೋ ತಡೆದುಕೊಳ್ಳುತ್ತವಾ?

ಗಾಡಿಯ ಬ್ಯಾಟರಿ ಇರುವುದು ಎಂಜಿನ್ ಸ್ಟಾರ್ಟ್ ಮಾಡಲಿಕ್ಕೆ. ಕೆಲವು ಸೆಕೆಂಡು ಜೋರಾಗಿ ಕರೆಂಟು ಕೊಟ್ಟು ಸುಮ್ಮನಾಗುವುದು ಅದರ ಸ್ವಭಾವ. ಗಂಟೆಗಟ್ಟಲೆ ಎಳೆದು ಮತ್ತೆ ಮತ್ತೆ ಖಾಲಿ ಮಾಡಿದರೆ ಬೇಗ ಸಾಯುತ್ತದೆ. 100 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯಿಂದ 100 ಆಂಪಿಯರ್ ಎಳೆದರೆ ಕಾಗದದ ಲೆಕ್ಕದಲ್ಲಿ ಒಂದು ಗಂಟೆ ಬರಬೇಕು. ಹೀಗೆ ಜೋರಾಗಿ ಎಳೆದಾಗ ಅಷ್ಟು ಬರುವುದಿಲ್ಲ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಗ್ರೈಂಡರ್ ಓಡಿಸಿದರೂ ಬ್ಯಾಟರಿಗೆ ಬಿದ್ದ ಪೆಟ್ಟು ಸಣ್ಣದಲ್ಲ.

ಇನ್ವರ್ಟರ್‌ನಲ್ಲಿ ಲೋ ವೋಲ್ಟೇಜ್ ಕಟಾಫ್, ಅಂದರೆ ಬ್ಯಾಟರಿ ವೋಲ್ಟ್ ಇಳಿದಾಗ ತಾನಾಗಿ ನಿಲ್ಲುವ ವ್ಯವಸ್ಥೆ, ಇದೆಯಲ್ಲ, ಅದು ಕಾಪಾಡುತ್ತದೆ ಅಂತ ಧೈರ್ಯದಲ್ಲಿರಬೇಡಿ. 12 ವೋಲ್ಟಿನ ಹಲವು ಇನ್ವರ್ಟರ್‌ಗಳಲ್ಲಿ ಅದು 10.5 ವೋಲ್ಟಿಗೆ ಇಟ್ಟಿರುತ್ತದೆ. ಅಷ್ಟು ಹೊತ್ತಿಗೆ ಬ್ಯಾಟರಿ ಪೂರ್ತಿ ಬಸಿದಿರುತ್ತದೆ, ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಅದು ಕಾಪಾಡುವುದು ಇನ್ವರ್ಟರನ್ನು, ನಿಮ್ಮನ್ನಲ್ಲ.

ದಾರಿ ಎರಡು. ಅಪರೂಪಕ್ಕೆ ಐದು-ಹತ್ತು ನಿಮಿಷದ ಕೆಲಸವಾದರೆ ಎಂಜಿನ್ ಓಡಿಸಿಕೊಂಡೇ ಮಾಡಿ. ಐಡ್ಲಿಂಗ್‌ನಲ್ಲಿ ಡೈನಮೋ, ಅಂದರೆ ಆಲ್ಟರ್ನೇಟರ್, ತನ್ನ ಪೂರ್ತಿ ಶಕ್ತಿ ಕೊಡುವುದಿಲ್ಲ. 100 ಆಂಪಿಯರ್ ಅಂತ ಬರೆದದ್ದು ಎಂಜಿನ್ ಜೋರಾಗಿ ತಿರುಗುವಾಗ. ಹ್ಯಾಂಡ್ ಥ್ರಾಟಲ್ ಇದ್ದರೆ ಸ್ವಲ್ಪ ಏರಿಸಿ. ನಡುನಡುವೆ ಬಿಡುವು ಕೊಡಿ. ಮುಚ್ಚಿದ ಶೆಡ್ಡಿನೊಳಗೆ ಮಾತ್ರ ಎಂಜಿನ್ ಓಡಿಸಿಟ್ಟು ಕೆಲಸ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಗೊತ್ತಾಗುವ ಹೊತ್ತಿಗೆ ಕೈಕಾಲು ಕೇಳುವುದಿಲ್ಲ.

ದಿನಾ ಕೆಲಸ ಇದ್ದರೆ ಇನ್ವರ್ಟರ್‌ಗೇ ಅಂತ ಬೇರೆ ಡೀಪ್ ಸೈಕಲ್ ಬ್ಯಾಟರಿ ಹಾಕಿ. ಇದು ನಿಧಾನವಾಗಿ ಖಾಲಿಯಾಗಿ ತುಂಬುವುದಕ್ಕೆಂದೇ ಮಾಡಿದ ಬ್ಯಾಟರಿ. ಎರಡರ ನಡುವೆ ವೋಲ್ಟೇಜ್ ನೋಡಿ ಸೇರಿಸಿ ಬಿಡಿಸುವ ಒಂದು ರಿಲೇ ಇರಲಿ. ಡೈನಮೋ ಚಾರ್ಜ್ ಮಾಡುವಾಗ ಎರಡೂ ಬ್ಯಾಟರಿ ಸೇರುತ್ತವೆ, ಎಂಜಿನ್ ನಿಂತ ಮೇಲೆ ಬೇರೆಯಾಗುತ್ತವೆ. ಸ್ಟಾರ್ಟಿಂಗ್ ಬ್ಯಾಟರಿ ತುಂಬಿಯೇ ಇರುತ್ತದೆ. ಹೊಸ ಗಾಡಿಗಳಲ್ಲಿ ಡೈನಮೋ ವೋಲ್ಟೇಜನ್ನು ಕಂಪ್ಯೂಟರ್ ಏರಿಸಿ ಇಳಿಸುತ್ತಿದ್ದರೆ ರಿಲೇ ಬದಲು ಡಿಸಿ-ಟು-ಡಿಸಿ ಚಾರ್ಜರ್ ಬೇಕಾಗುತ್ತದೆ.

ಹಂತ 5: ಜಾಗ

ಬ್ಯಾಟರಿಗೆ ಎಷ್ಟು ಹತ್ತಿರವಾದರೆ ಅಷ್ಟು ಒಳ್ಳೆಯದು. ಆದರೆ ಬ್ಯಾಟರಿ ಪೆಟ್ಟಿಗೆಯ ಒಳಗೆ ಬೇಡ, ಬ್ಯಾಟರಿಯ ನೇರ ಮೇಲೂ ಬೇಡ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಅನಿಲಕ್ಕೆ ಒಂದು ಕಿಡಿ ಸಾಕು. ಎಂಜಿನ್ ಪಕ್ಕದ ಬಿಸಿ, ಚಕ್ರದಿಂದ ಹಾರುವ ನೀರು, ಡೀಸೆಲ್ ಕ್ಯಾನ್ ಇಡುವ ಮೂಲೆ ಯಾವುದೂ ಆಗದು. ಪಿಕಪ್ಪಿನಲ್ಲಿ ಸೀಟಿನ ಹಿಂದೆ, ಲಾರಿಯಲ್ಲಿ ಕ್ಯಾಬಿನ್ ಒಳಗೆ ಅಥವಾ ನೀರು ನುಗ್ಗದ ಟೂಲ್ ಬಾಕ್ಸ್‌ನಲ್ಲಿ ಇಡಬಹುದು. ಫ್ಯಾನ್ ಇರುವ ಕಡೆ ಒಂದು ಕೈಯಗಲ ಜಾಗ ಬಿಡಿ. ಗ್ರೈಂಡಿಂಗ್ ಪುಡಿ ಫ್ಯಾನಿಗೆ ಹೋಗದಂತೆ ನೋಡಿ. ಅದು ಕಬ್ಬಿಣ, ಒಳಗೆ ಹೋದರೆ ಶಾರ್ಟ್.

ಬೋಲ್ಟ್ ಹಾಕಲು ಡ್ರಿಲ್ ಮಾಡುವ ಮೊದಲು ತಗಡಿನ ಆಚೆ ಏನಿದೆ ಅಂತ ಬಗ್ಗಿ ನೋಡಿ. ಬ್ರೇಕಿನ ಏರ್ ಪೈಪ್, ಡೀಸೆಲ್ ಪೈಪ್, ವೈರಿಂಗ್ ಕಟ್ಟು ಅಲ್ಲೇ ಹೋಗಿರಬಹುದು. ಚಾಸಿಗೆ ಮಾತ್ರ ತೂತು ಹಾಕಬೇಡಿ.

ಹಂತ 6: ಕೇಬಲ್, ಫ್ಯೂಸ್, ಲಗ್

ನಾನು ಮೊದಲ ಸಲ ಹಾಕಿದಾಗ 10 ಸ್ಕ್ವೇರ್ ಎಂಎಂ ಕೇಬಲ್ ಸಾಕು ಅಂದುಕೊಂಡಿದ್ದೆ. ಬ್ಯಾಟರಿಯಿಂದ ಮೂರು ಮೀಟರ್ ದೂರ. ಗ್ರೈಂಡರ್ ಟ್ರಿಗರ್ ಒತ್ತಿದರೆ ಇನ್ವರ್ಟರ್ ಬೀಪ್. ಪೀಸೇ ಸರಿಯಿಲ್ಲ ಅಂತ ಬದಲಿಸಿದೆ. ಹೊಸದೂ ಬೀಪ್. ಕೊನೆಗೆ ಮೀಟರ್ ಹಿಡಿದು ನೋಡಿದರೆ, ಟ್ರಿಗರ್ ಒತ್ತಿದ ಕ್ಷಣ ಬ್ಯಾಟರಿಯ ಮೇಲೆ 11.9 ವೋಲ್ಟ್, ಇನ್ವರ್ಟರ್ ಬಾಯಲ್ಲಿ 10.2. ಒಂದೂ ಮುಕ್ಕಾಲು ವೋಲ್ಟ್ ದಾರಿಯಲ್ಲೇ ಹೋಗಿತ್ತು. ಇನ್ವರ್ಟರ್ ಪಾಪ, ಬ್ಯಾಟರಿ ಖಾಲಿಯಾಗಿದೆ ಅಂದುಕೊಂಡು ನಿಲ್ಲುತ್ತಿತ್ತು.

ಮನೆಯ 230 ವೋಲ್ಟಿನಲ್ಲಿ ಒಂದೂವರೆ ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಅದು ಎಂಟನೇ ಒಂದು ಭಾಗ. ಹಾಗಾಗಿ ಕೇಬಲ್ ಗಿಡ್ಡ ಇರಬೇಕು, ದಪ್ಪ ಇರಬೇಕು. ಒಂದು ಕಡೆಗೆ ಎರಡು ಮೀಟರಿನೊಳಗೆ ಮುಗಿಯುವ ಹಾಗಿದ್ದರೆ ಈ ಲೆಕ್ಕ ಹಿಡಿಯಿರಿ:

– 60 ಆಂಪಿಯರ್ (12 ವೋಲ್ಟಿನಲ್ಲಿ 600 ವ್ಯಾಟ್): 16 ಸ್ಕ್ವೇರ್ ಎಂಎಂ ಕೇಬಲ್, 80 ಆಂಪಿಯರ್ ಫ್ಯೂಸ್
– 100 ಆಂಪಿಯರ್ (12ರಲ್ಲಿ 1000 ವ್ಯಾಟ್, 24ರಲ್ಲಿ 2000): 35 ಸ್ಕ್ವೇರ್ ಎಂಎಂ, 125 ಆಂಪಿಯರ್ ಫ್ಯೂಸ್
– 200 ಆಂಪಿಯರ್ (12ರಲ್ಲಿ 2000 ವ್ಯಾಟ್): 70 ಸ್ಕ್ವೇರ್ ಎಂಎಂ, 250 ಆಂಪಿಯರ್ ಫ್ಯೂಸ್

ಮ್ಯಾನ್ಯುವಲ್‌ನಲ್ಲಿ ಇದಕ್ಕಿಂತ ದಪ್ಪ ಹೇಳಿದ್ದರೆ ಅದನ್ನೇ ಹಾಕಿ. ದೂರ ಜಾಸ್ತಿಯಾದರೆ ಒಂದು ಸೈಜ್ ಮೇಲೆ ಹೋಗಿ. ಅಪ್ಪಟ ತಾಮ್ರದ, ಸಣ್ಣ ಸಣ್ಣ ಎಳೆಗಳ ಮೆತ್ತನೆಯ ಕೇಬಲ್ ಬೇಕು. ವೆಲ್ಡಿಂಗ್ ಕೇಬಲ್ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅಗ್ಗಕ್ಕೆ ಸಿಗುವ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ನೋಡಲು ಹಾಗೆಯೇ ಇರುತ್ತದೆ. ತುದಿಯ ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಆದರೆ ತವರ ಲೇಪಿಸಿದ ಒಳ್ಳೆಯ ತಾಮ್ರ ಇದಕ್ಕೆ ಉಲ್ಟಾ: ಹೊರಗೆ ಬೆಳ್ಳಗೆ, ಕೆರೆದರೆ ಕೆಂಪು.

ಇನ್ವರ್ಟರ್ ಕ್ಯಾಬಿನ್ನಿನಲ್ಲಿ, ಕೆಲಸ ಹಿಂದೆ ಬಾಡಿಯಲ್ಲಿ ಅಂದರೆ ದಪ್ಪ ಕೇಬಲ್ ಹಿಂದಕ್ಕೆ ಎಳೆಯಬೇಡಿ. ಇನ್ವರ್ಟರ್ ಬ್ಯಾಟರಿ ಹತ್ತಿರವೇ ಇರಲಿ. 230 ವೋಲ್ಟಿನ ಎಕ್ಸ್‌ಟೆನ್ಷನ್ ಕೇಬಲ್ ಹಿಂದಿನವರೆಗೆ ಹೋಗಲಿ.

ಫ್ಯೂಸ್ ಇನ್ವರ್ಟರ್ ಪಕ್ಕ ಅಲ್ಲ, ಬ್ಯಾಟರಿ ಪಕ್ಕ. ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ. ಇನ್ವರ್ಟರ್‌ನೊಳಗೆ ಫ್ಯೂಸ್ ಇದೆಯಲ್ಲ ಅನ್ನಬೇಡಿ. ನಡುವಿನ ಕೇಬಲ್ ಎಲ್ಲೋ ತಗಡಿಗೆ ಉಜ್ಜಿ ಸಿಪ್ಪೆ ಹೋಯಿತು ಅಂತಿಟ್ಟುಕೊಳ್ಳಿ. ಬ್ಯಾಟರಿ ಆ ಜಾಗದಲ್ಲಿ ಸಾವಿರಕ್ಕೂ ಮೀರಿ ಆಂಪಿಯರ್ ಸುರಿಯಬಲ್ಲದು. ಕೇಬಲ್ ಕೆಂಪಗೆ ಕಾದು ಗಾಡಿಗೆ ಬೆಂಕಿ ಹತ್ತುತ್ತದೆ. ಅದನ್ನು ತಡೆಯುವುದು ಬ್ಯಾಟರಿ ಬದಿಯ ಫ್ಯೂಸ್ ಒಂದೇ. ಬೋಲ್ಟ್ ಹಾಕಿ ಬಿಗಿಯುವ ಎಎನ್ಎಲ್ ಅಥವಾ ಮೆಗಾ ಫ್ಯೂಸ್ ತಗೊಳ್ಳಿ.

ಇನ್ನು ಲಗ್. ಕೇಬಲ್ ತುದಿಗೆ ಹಾಕುವ ತಾಮ್ರದ ಬಳೆ ಇದು. ಸುತ್ತಿಗೆಯಲ್ಲಿ ಬಡಿದು, ಕಟಿಂಗ್ ಪ್ಲೇಯರ್‌ನಲ್ಲಿ ಹಿಸುಕಿ ಕೂರಿಸಿದ ಲಗ್ ಹೊರಗಿಂದ ಗಟ್ಟಿಯಾಗಿಯೇ ಕಾಣುತ್ತದೆ. ಒಳಗೆ ಎಳೆಗಳ ನಡುವೆ ಗಾಳಿ. ಅಲ್ಲಿಂದಲೇ ಬಿಸಿ ಶುರು. ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಇರುವವರ ಹತ್ತಿರ ಅಳತೆ ಕೊಟ್ಟು ಒತ್ತಿಸಿಕೊಂಡು ಬನ್ನಿ, ನಾಲ್ಕು ಲಗ್‌ಗೆ ಐದು ನಿಮಿಷದ ಕೆಲಸ. ಒತ್ತಿದ ಮೇಲೆ ಲಗ್ಗನ್ನು ವೈಸಿಗೆ ಸಿಕ್ಕಿಸಿ ಮೈಭಾರ ಹಾಕಿ ಎಳೆಯಿರಿ. ಅಲುಗಿದರೆ ಕತ್ತರಿಸಿ ಬಿಸಾಕಿ. ಕೊನೆಗೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ.

ಕೇಬಲ್ ತಗಡು ದಾಟುವಲ್ಲೆಲ್ಲ ರಬ್ಬರ್ ಬುಷ್ ಇರಲಿ. ಉಳಿದ ದಾರಿಗೆ ಫ್ಲೆಕ್ಸಿಬಲ್ ಪೈಪ್ ತೊಡಿಸಿ, ಗೇಣಿಗೊಂದು ಟೈ ಕಟ್ಟಿ. ಸೈಲೆನ್ಸರ್ ಪಕ್ಕ, ಕ್ಯಾಬಿನ್ ಎತ್ತಿದಾಗ ಮಡಚುವ ಜಾಗ ಎರಡನ್ನೂ ತಪ್ಪಿಸಿ.

ಹಂತ 7: ಜೋಡಿಸುವುದು

ಉಂಗುರ, ವಾಚ್, ಕೈಚೈನು ತೆಗೆದಿಡಿ. ಇಗ್ನಿಷನ್ ಆಫ್ ಮಾಡಿ ಕೆಲವು ನಿಮಿಷ ಬಿಡಿ. ಹೊಸ ಲಾರಿಗಳಲ್ಲಿ ಎಂಜಿನ್ ನಿಂತ ಮೇಲೂ ಹೊಗೆ ಶುದ್ಧ ಮಾಡುವ ಯೂರಿಯಾ ದ್ರವದ ಪಂಪ್ ಸ್ವಲ್ಪ ಹೊತ್ತು ಪೈಪ್ ಖಾಲಿ ಮಾಡುತ್ತಿರುತ್ತದೆ. ನಡುವೆ ಬ್ಯಾಟರಿ ಬಿಚ್ಚಬಾರದು.

ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಉಲ್ಟಾ ಮಾಡಿದರೆ ಪ್ಲಸ್ ಬಿಚ್ಚುವ ಸ್ಪ್ಯಾನರ್ ಬಾಡಿಗೆ ತಾಗಿದೊಡನೆ ಶಾರ್ಟ್.

1. ಇನ್ವರ್ಟರ್ ಸ್ವಿಚ್ ಆಫ್ ಇರಲಿ. ಫ್ಯೂಸ್ ಹೋಲ್ಡರ್ ಖಾಲಿ ಇರಲಿ.
2. ಇನ್ವರ್ಟರ್‌ಗೆ ಪ್ಲಸ್, ಮೈನಸ್ ಎರಡೂ ಕೇಬಲ್ ಬಿಗಿಯಿರಿ. ಲಗ್ ನೇರವಾಗಿ ಟರ್ಮಿನಲ್ ಮೈಗೆ ಕೂರಬೇಕು, ವಾಷರ್ ಲಗ್ಗಿನ ಮೇಲೆ ಬರಬೇಕು. ನಡುವೆ ವಾಷರ್ ಸಿಕ್ಕಿಸುವುದು ಸಾಮಾನ್ಯ ತಪ್ಪು.
3. ಇನ್ವರ್ಟರ್ ಬಾಡಿಯ ಅರ್ಥ್ ಸ್ಕ್ರೂನಿಂದ ಚಾಸಿಗೆ ಒಂದು ವೈರ್ ಕೊಡಿ. ಮೊದಲೇ ಇರುವ ತೂತಿನ ಸುತ್ತ ಪೇಂಟ್ ಕೆರೆದು ಹೊಳೆಯುವ ಕಬ್ಬಿಣಕ್ಕೆ ಬಿಗಿಯಿರಿ.
4. ಪ್ಲಸ್ ಕೇಬಲ್ ಫ್ಯೂಸ್ ಹೋಲ್ಡರ್‌ಗೆ, ಹೋಲ್ಡರ್‌ನಿಂದ ಬ್ಯಾಟರಿ ಪ್ಲಸ್‌ಗೆ.
5. ಮೈನಸ್ ಕೊನೆಗೆ. ಬ್ಯಾಟರಿ ಮೈನಸ್ ಮೇಲೆ ಕರೆಂಟು ಅಳೆಯುವ ಸೆನ್ಸರ್ ಇರುವ ಗಾಡಿಯಾದರೆ ಇನ್ವರ್ಟರ್ ಮೈನಸ್ಸನ್ನು ಸೆನ್ಸರ್‌ನ ಬಾಡಿ ಬದಿಗೆ ಕೊಡಿ. ನೇರ ಬ್ಯಾಟರಿಗೆ ಕೊಟ್ಟರೆ ಎಳೆದ ಕರೆಂಟು ಗಾಡಿಯ ಲೆಕ್ಕಕ್ಕೆ ಸಿಗುವುದಿಲ್ಲ.

ಈಗ ಫ್ಯೂಸ್ ಕೂರಿಸಬೇಕು. ಹಾಗೇ ಒತ್ತಿದರೆ ಟಪ್ ಅಂತ ದೊಡ್ಡ ಕಿಡಿ ಬರುತ್ತದೆ. ಇನ್ವರ್ಟರ್‌ನೊಳಗಿನ ಕೆಪಾಸಿಟರ್‌ಗಳು, ಅಂದರೆ ಕರೆಂಟನ್ನು ಕ್ಷಣಕಾಲ ಹಿಡಿದಿಡುವ ಡಬ್ಬಿಗಳು, ಒಂದೇ ಏಟಿಗೆ ತುಂಬಿಕೊಳ್ಳುವುದರಿಂದ ಹೀಗೆ. ಅದಕ್ಕೊಂದು ಸುಲಭ ಉಪಾಯ ಇದೆ. ಗಾಡಿಯ ವೋಲ್ಟಿಗೆ ಹೊಂದುವ ಇಂಡಿಕೇಟರ್ ಬಲ್ಬಿನ ಎರಡು ವೈರನ್ನು ಖಾಲಿ ಹೋಲ್ಡರ್‌ನ ಎರಡು ಬೋಲ್ಟಿಗೆ ಹಿಡಿಯಿರಿ. ಬಲ್ಬು ಒಮ್ಮೆ ಬೆಳಗಿ ನಿಧಾನ ಮಂಕಾಗಿ ಆರಿದರೆ ಎಲ್ಲ ಸರಿ, ತಡಮಾಡದೆ ಫ್ಯೂಸ್ ಹಾಕಿ. ಆರದೆ ಪ್ರಖರವಾಗಿ ಉರಿಯುತ್ತಲೇ ಇದ್ದರೆ ಅಲ್ಲಿಗೇ ನಿಲ್ಲಿಸಿ. ಪ್ಲಸ್-ಮೈನಸ್ ಅದಲುಬದಲಾಗಿದೆ, ಇಲ್ಲವೇ ಎಲ್ಲೋ ಶಾರ್ಟ್ ಇದೆ. ನೇರ ಫ್ಯೂಸ್ ಹಾಕಿದ್ದರೆ ಇನ್ವರ್ಟರ್ ಹೋಗಿರುತ್ತಿತ್ತು.

ಸಿಗರೇಟ್ ಲೈಟರ್ ಸಾಕೆಟ್‌ನಿಂದ ಎಳೆಯುವ ಬಗ್ಗೆ: 12 ವೋಲ್ಟ್ ಗಾಡಿಯಲ್ಲಿ ಅದರ ಫ್ಯೂಸ್ 10-15 ಆಂಪಿಯರ್. ಹೆಚ್ಚೆಂದರೆ 150 ವ್ಯಾಟ್. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗೆ ಸರಿ.

ಹಂತ 8: 230 ವೋಲ್ಟಿನ ಬದಿ

"ಬ್ಯಾಟರಿ ಕರೆಂಟು ತಾನೇ, ಶಾಕ್ ಹೊಡೆಯಲ್ಲ" ಅನ್ನುವವರಿದ್ದಾರೆ. ಇನ್ವರ್ಟರ್‌ನಿಂದ ಹೊರಬರುವುದು ಮನೆಯ ಕರೆಂಟಿನಷ್ಟೇ ಅಪಾಯಕಾರಿ. ಹಲವು ಇನ್ವರ್ಟರ್‌ಗಳಲ್ಲಿ ನ್ಯೂಟ್ರಲ್ ಅರ್ಥ್‌ಗೆ ಸೇರಿರುವುದಿಲ್ಲ. ಅಂಥದ್ದಕ್ಕೆ ಆರ್‌ಸಿಸಿಬಿ, ಅಂದರೆ ಲೀಕೇಜ್ ಆದಾಗ ಕಟ್ ಮಾಡುವ ಬ್ರೇಕರ್, ಹಾಕಿದರೂ ಅದು ಬೀಳುವುದಿಲ್ಲ. ನಿಮ್ಮದು ಯಾವ ಬಗೆ ಅಂತ ಮ್ಯಾನ್ಯುವಲ್ ನೋಡಿ. ನ್ಯೂಟ್ರಲ್-ಅರ್ಥ್ ಜೋಡಣೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ಒಂದು ಸಲಕ್ಕೆ ಒಂದೇ ಮಷೀನ್ ಓಡಿಸಿ. ಮಷೀನ್ ಪಟ್ಟಿಯ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಟೆಡ್, ಅಂಥದ್ದೇ ಇರಲಿ. ಎಕ್ಸ್‌ಟೆನ್ಷನ್ 2.5 ಸ್ಕ್ವೇರ್ ಎಂಎಂ, ರೀಲ್ ಪೂರ್ತಿ ಬಿಚ್ಚಿ ಬಳಸಿ. ಸುತ್ತಿಟ್ಟೇ ಎಳೆದರೆ ಒಳಗಿನ ಸುತ್ತುಗಳು ಕಾಯುತ್ತವೆ.

ಕಟ್ಟಡದ ಪ್ಲಗ್ಗಿಗೆ ಇನ್ವರ್ಟರ್ ಔಟ್‌ಪುಟ್ ಚುಚ್ಚುವ ಸಾಹಸ ಬೇಡವೇ ಬೇಡ.

ಹಂತ 9: ಪರೀಕ್ಷೆ

ಮೊದಲು ಏನೂ ಚುಚ್ಚದೆ ಆನ್ ಮಾಡಿ. ಆಮೇಲೆ ಒಂದು ಬಲ್ಬು. ಆಮೇಲೆ ಡ್ರಿಲ್. ಕೊನೆಗೆ ಗ್ರೈಂಡರ್. ಎಂಜಿನ್ ಓಡುತ್ತಿರಲಿ. ಗ್ರೈಂಡರ್ ಕಬ್ಬಿಣಕ್ಕೆ ಒತ್ತಿ ಓಡುವಾಗ ಇನ್ನೊಬ್ಬರು ಬ್ಯಾಟರಿ ಟರ್ಮಿನಲ್ ಮೇಲೆ ಒಮ್ಮೆ, ಇನ್ವರ್ಟರ್ ಟರ್ಮಿನಲ್ ಮೇಲೆ ಒಮ್ಮೆ ವೋಲ್ಟ್ ಅಳೆಯಲಿ. ವ್ಯತ್ಯಾಸ 0.3 ವೋಲ್ಟಿನೊಳಗಿದ್ದರೆ ಕೆಲಸ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಮೀಟರಿನ ಒಂದು ಕಡ್ಡಿ ಲಗ್ ಮೇಲೆ, ಇನ್ನೊಂದು ಅದು ಕೂತ ಬೋಲ್ಟಿನ ಮೇಲೆ ಹಿಡಿದು ಒಂದೊಂದೇ ಜಾಯಿಂಟ್ ನೋಡುತ್ತಾ ಹೋಗಿ. ಎಲ್ಲಿ ವೋಲ್ಟ್ ಕಾಣುತ್ತದೋ ಕಳ್ಳ ಅಲ್ಲಿದ್ದಾನೆ.

ಹತ್ತು ನಿಮಿಷ ಓಡಿಸಿ ಎಲ್ಲ ಆಫ್ ಮಾಡಿ. ಲಗ್‌ಗಳ ಹತ್ತಿರ ಮೊದಲು ಕೈಯ ಹಿಂಬದಿ ಒಡ್ಡಿ ನೋಡಿ, ಆಮೇಲೆ ಮುಟ್ಟಿ. ಕೇಬಲ್ ಬೆಚ್ಚಗಿದ್ದರೆ ತೊಂದರೆಯಿಲ್ಲ. ಒಂದು ಲಗ್ ಮಾತ್ರ ಸುಡುತ್ತಿದ್ದರೆ ಅದನ್ನು ಮತ್ತೆ ಮಾಡಿ.

ಆಮೇಲೆ ನೆನಪಿಡಬೇಕಾದದ್ದು

ಮಷೀನ್ ಓಡದಿದ್ದರೂ ಇನ್ವರ್ಟರ್ ಒಂದು ಆಂಪಿಯರ್ ಆಸುಪಾಸು ಕುಡಿಯುತ್ತಲೇ ಇರುತ್ತದೆ. ರಾತ್ರಿಯಿಡೀ ಆನ್ ಬಿಟ್ಟು ಬೆಳಿಗ್ಗೆ ಗಾಡಿ ತಳ್ಳಬೇಡಿ.

ಲಾರಿಯ ಕುಲುಕಾಟಕ್ಕೆ ನಟ್ಟು ಸಡಿಲವಾಗುತ್ತದೆ. ಹಾಕಿದ ಒಂದು ವಾರಕ್ಕೆ ಒಮ್ಮೆ, ಆಮೇಲೆ ಎಂಜಿನ್ ಆಯಿಲ್ ಬದಲಿಸುವಾಗಲೆಲ್ಲ ಎಲ್ಲ ಬೋಲ್ಟಿಗೂ ಸ್ಪ್ಯಾನರ್ ಹಾಕಿ ನೋಡಿ. ಮೊದಲು ಮೈನಸ್ ಬಿಚ್ಚಿಕೊಂಡು.

ಲಾರಿಯ ಬಾಡಿಗೋ ಚಾಸಿಗೋ ಆರ್ಕ್ ವೆಲ್ಡಿಂಗ್ ಮಾಡಿಸುವುದಿದ್ದರೆ ಬ್ಯಾಟರಿ ಜೊತೆ ಇನ್ವರ್ಟರ್‌ನ ಪ್ಲಸ್, ಮೈನಸ್, ಅರ್ಥ್ ಮೂರನ್ನೂ ಬಿಚ್ಚಿಡಿ. ವೆಲ್ಡಿಂಗ್ ಕರೆಂಟು ಯಾವ ದಾರಿ ಹಿಡಿಯುತ್ತದೆ ಅಂತ ಹೇಳಲಾಗದು. ಚಾಸಿಗೆ ಕೊಟ್ಟ ಆ ಅರ್ಥ್ ವೈರಿನಿಂದಲೂ ಒಳಗೆ ನುಗ್ಗಬಹುದು.